ಕ್ಲಾಸಿಗೊಂದು ಗ್ರೂಪ್, ಮೇಷ್ಟ್ರುಗಳಿಗೊಂದು ಗ್ರೂಪ್
ಎರಡನ್ನೂ ಬೇರೆ ಬೇರೆನೇ ಇಡಿ. ಕ್ಲಾಸಿಂದು ವಾಟ್ಸಾಪಲ್ಲಿರಲಿ, ಪೋಷಕರನ್ನ ಕೇಳಿನೇ ಸೇರಿಸಿ, ಸೆಟ್ಟಿಂಗ್ಸಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕೋ ಹಾಗೆ ಮಾಡಿ, ಇಲ್ಲಾಂದ್ರೆ ಗುಡ್ ಮಾರ್ನಿಂಗ್ ಫೋಟೋಗಳ ನಡುವೆ ಹೋಮ್‌ವರ್ಕ್ ಕಳೆದೇ ಹೋಗುತ್ತೆ. ಉದ್ದ ವಿಡಿಯೋ ಬೇಡ, ಡೇಟಾ ಖಾಲಿಯಾಗುತ್ತೆ, ನಿಮ್ಮದೇ ದನಿಯ ಎರಡು ನಿಮಿಷದ ವಾಯ್ಸ್ ನೋಟ್ ಸಾಕು. ಫೋನ್ ಇಲ್ಲದ ಮಕ್ಕಳಿಗೆ ಅದನ್ನೇ ಮಾರನೇ ದಿನ ಕ್ಲಾಸಲ್ಲಿ ಕೇಳಿಸಿ, ಇದನ್ನ ಮಾತ್ರ ದಯವಿಟ್ಟು ಬಿಡಬೇಡಿ.

ಮೇಷ್ಟ್ರುಗಳದ್ದು ಟೆಲಿಗ್ರಾಮಲ್ಲಿ ಮಾಡಿ, 2 ಲಕ್ಷ ಜನರ ತನಕ ಸೇರಬಹುದು, ಹಳೇ ಫೈಲ್ ಹೊಸಬರಿಗೂ ಕಾಣೋ ಹಾಗೆ ಇಡಬಹುದು. ಬರೀ ಸುತ್ತೋಲೆ ಫಾರ್ವರ್ಡ್ ಮಾಡ್ತಾ ಇದ್ರೆ ಯಾರೂ ಏನೂ ಕಲಿಯಲ್ಲ. ವಾರಕ್ಕೊಬ್ಬರು ಒಂದು ಪಾಠ, ಘರ್ಷಣೆನೋ ಭಿನ್ನರಾಶಿನೋ, ಮಾಡಿದಾಗ ಮಕ್ಕಳು ಎಲ್ಲಿ ತಡವರಿಸಿದ್ರು ಅಂತ ಬರೀಲಿ, ಉಳಿದವರು ತಾವು ಹೇಗೆ ಮಾಡಿದ್ವಿ ಅಂತ ಸೇರಿಸಲಿ. ಮಕ್ಕಳ ಫೋಟೋ, ಅಂಕಪಟ್ಟಿ ಎಲ್ಲೂ ಹಾಕ್ಬೇಡಿ.