ಮೇಯುವ ದನಕ್ಕೆ ಮಿನರಲ್ ಮಿಕ್ಸ್ಚರ್: ನಮ್ಮ ಕೊಟ್ಟಿಗೆಯ ಕ್ರಮ

ನಮ್ಮೂರು ಕುಣಿಗಲ್ ಕಡೆ. ಬೆಳಿಗ್ಗೆ ಹಾಲು ಕರೆದ ಮೇಲೆ ದನ ಗೋಮಾಳಕ್ಕೆ ಹೋದರೆ ಬರುವುದು ಸಂಜೆಗೇ. ಹೊಟ್ಟೆ ತುಂಬಿರುತ್ತದೆ, ನಿಜ. ಆದರೆ ಸಂಕ್ರಾಂತಿ ಕಳೆದರೆ ಹುಲ್ಲು ಬಲಿತು ಒಣಗುತ್ತದೆ, ಅದರಲ್ಲಿ ರಂಜಕ (ಫಾಸ್ಫರಸ್) ತೀರಾ ಕಡಿಮೆಯಾಗುತ್ತದೆ. ಆಗ ದನ ಗೋಡೆ ನೆಕ್ಕುತ್ತದೆ, ಬಟ್ಟೆ, ಮೂಳೆ ಅಗಿಯುತ್ತದೆ, ಬೆದೆಗೂ ಸರಿಯಾಗಿ ಬರುವುದಿಲ್ಲ. ಜಂತು ಇದ್ದರೂ ಹೀಗಾಗಬಹುದು. ಅದಕ್ಕೇ ಮೊದಲು ಡಾಕ್ಟರನ್ನು ಕೇಳಿ ಜಂತಿನ ಔಷಧಿ ಹಾಕಿಸಿ.

ರಾಗಿ ಹುಲ್ಲಿದ್ದರೆ ಸ್ವಲ್ಪ ಬಚಾವ್, ಭತ್ತದ ಹುಲ್ಲಿಗಿಂತ ಅದರಲ್ಲಿ ಸುಣ್ಣದಂಶ (ಕ್ಯಾಲ್ಸಿಯಂ) ಜಾಸ್ತಿ. ರಂಜಕ ಬೂಸಾದಲ್ಲಿ ಸಿಗುತ್ತದೆ. ತಾಮ್ರ, ಸತುವಿನಂಥವಕ್ಕೆ ಮಾತ್ರ ಮಿನರಲ್ ಮಿಕ್ಸ್ಚರ್, ಅಂದರೆ ಖನಿಜಗಳ ಪುಡಿಯೇ ಬೇಕು.

ಪುಡಿ ಕೊಳ್ಳುವಾಗ ಐಎಸ್ಐ ಗುರುತು ನೋಡಿ. ಉಪ್ಪು ಸೇರಿಸಿದ್ದು, ಸೇರಿಸದ್ದು ಎರಡೂ ಬರುತ್ತವೆ. ಸೇರಿಸದ್ದಾದರೆ ದಿನಕ್ಕೆ ಸುಮಾರು 30 ಗ್ರಾಂ ಉಪ್ಪು ಬೇರೆ ಕೊಡಬೇಕು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣಾ ಸಂಸ್ಥೆಯವರು ಪ್ರದೇಶಕ್ಕೆ ತಕ್ಕ ಮಿಶ್ರಣಗಳನ್ನೂ ಮಾಡಿದ್ದಾರೆ. ನಿಮ್ಮ ಕಡೆಯದ್ದು ಸಿಕ್ಕರೆ ಅದೇ ತಗೊಳ್ಳಿ.

ಕರೆಯುವ ಹಸುವಿಗೆ ದಿನಕ್ಕೆ 50 ಗ್ರಾಂ, ಬತ್ತಿದ ಹಸುವಿಗೆ 30, ಕರುವಿಗೆ 20ರಿಂದ 25. ಪ್ಯಾಕಿನ ಮೇಲೆ ಬೇರೆ ಇದ್ದರೆ ಅದನ್ನೇ ಪಾಲಿಸಿ. ಕಣ್ಣಂದಾಜು ಬೇಡ. ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ, ಹಳೆ ಲೋಟಕ್ಕೆ ಗೆರೆ ಹಾಕಿಕೊಳ್ಳಿ. ನಾನು ಸಂಜೆ ಬೂಸಾಗೆ ನೀರು ಚಿಮುಕಿಸಿ ಕಲಸಿ, ಒಂದೊಂದಕ್ಕೂ ಬೇರೆ ಬೇರೆ ಬಾನಿಯಲ್ಲಿ ಇಡುತ್ತೇನೆ. ಒಟ್ಟಿಗೆ ಇಟ್ಟರೆ ದೊಡ್ಡ ಹಸುವೇ ಎಲ್ಲಾ ನುಂಗುತ್ತದೆ. ಪುಡಿಯನ್ನು ಮಾತ್ರ ಸುಮ್ನೆ ಮುಂದಿಟ್ಟರೆ ಮೂಸಿ ಬಿಡುತ್ತವೆ. ಒಂದು ದಿನ ಮರೆತು ಮರುದಿನ ಎರಡು ಪಾಲು ಕೊಡುವ ಅಭ್ಯಾಸ ಬೇಡ. ಫಲ ಕಾಣಲು ವಾರಗಳೇ ಬೇಕು.

ಗಬ್ಬದ ಹಸುವಿಗೆ ಕೊನೆಯ ಎರಡು-ಮೂರು ವಾರ ಕ್ಯಾಲ್ಸಿಯಂ ಟಾನಿಕ್ ಸುರಿಯಬೇಡಿ, ಹಾಲುಜ್ವರಕ್ಕೆ (ಕರು ಹಾಕುವ ಹೊತ್ತಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವ ಕಾಯಿಲೆ) ದಾರಿಯಾಗುತ್ತದೆ. ಕರು ಹಾಕಿದ ಮೇಲೆ ಕಿವಿ ತಣ್ಣಗಾಗಿ, ಕತ್ತು ಪಕ್ಕಕ್ಕೆ ತಿರುಗಿಸಿ ಮಲಗಿದರೆ ಟಾನಿಕ್ ಕುಡಿಸುತ್ತ ಕೂರಬೇಡಿ, ಡಾಕ್ಟರಿಗೆ ಫೋನ್ ಮಾಡಿ.

ಕುರಿ ಇದೆಯಾ? ಹಸುವಿನ ಪುಡಿ ಅವಕ್ಕೆ ಹಾಕಬೇಡಿ. ಕುರಿಗೆ ತಾಮ್ರ ಹೆಚ್ಚಾದರೆ ವಿಷ. ಕುರಿಯದ್ದೇ ಮಿಶ್ರಣ ಬೇರೆ ಸಿಗುತ್ತದೆ, ತಲೆಗೆ 5ರಿಂದ 10 ಗ್ರಾಂ ಸಾಕು.