ನವನಗರದ ಮನೆಗೆ ಐದು ಪಾಲು

ಹಳೇ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಬದಲಿಗೆ ಅಪ್ಪನಿಗೆ ನವನಗರದಲ್ಲಿ ಪ್ಲಾಟ್ ಸಿಕ್ಕಿತು, ಪರಿಹಾರದ ರೊಕ್ಕದಲ್ಲಿ ಮನೆ ಎದ್ದಿತು. ಅಪ್ಪ ಉಯಿಲು ಬರೆಯದೆ ತೀರಿಕೊಂಡರು. ಉಳಿದವರು ಅವ್ವ, ನಾನು, ತಮ್ಮ, ಇಬ್ಬರು ತಂಗಿಯರು.

ತಮ್ಮ ಅದೇ ಮನೆಯಲ್ಲಿದ್ದ. ಮೇಲಿನ ಮಹಡಿ ಕಟ್ಟಿಸಿದ್ದೂ ಅವನೇ. "ತಂಗ್ಯಾರ ಮದವಿ ಪರಿಹಾರದ ರೊಕ್ಕದಾಗ ಆಗೇತಿ, ಇನ್ನ ಯಾವ ಪಾಲು?" ಅಂದ. ದೊಡ್ಡ ತಂಗಿ ಬಿಡಲಿಲ್ಲ. "ನಿಮ್ಮಿಬ್ಬರನ್ನ ಓದಿಸಿದ್ದು ಯಾವ ರೊಕ್ಕದಾಗ ಅಣ್ಣಾ?" ಇದಕ್ಕೆ ಕೊನೆ ಇಲ್ಲ ಅಂತ ನನಗನಿಸಿತು. ಅಪ್ಪ ಇದ್ದಾಗ ಯಾರಿಗೆ ಏನು ಕೊಟ್ಟರು ಅನ್ನುವ ಲೆಕ್ಕ ತೆಗೆಯೋದೇ ಬೇಡ ಅಂತ ಮೊದಲು ಮಾತಾಡಿಕೊಂಡೆವು. ಅರ್ಧ ಜಗಳ ಅಲ್ಲೇ ಕಮ್ಮಿ ಆಯಿತು.

ಪಿತ್ರಾರ್ಜಿತವೋ ಸ್ವಯಾರ್ಜಿತವೋ ಅಂತ ಕೆಲವರು ತಲೆ ಕೆಡಿಸಿದರು. ಮಕ್ಕಳ ಮಟ್ಟಿಗೆ ಉತ್ತರ ಒಂದೇ. ಸ್ವಂತದ್ದಾದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಪಿತ್ರಾರ್ಜಿತ ಅಂದರೂ 2005ರ ತಿದ್ದುಪಡಿಯಿಂದ ಮಗಳಿಗೆ ಮಗನಷ್ಟೇ ಹಕ್ಕು. ಅಪ್ಪ ಆ ತಿದ್ದುಪಡಿಗೂ ಮೊದಲೇ ತೀರಿಕೊಂಡಿದ್ದರೂ ಹಕ್ಕು ಹೋಗಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆಯಲ್ಲಿ, ಒಬ್ಬನ ಹೆಸರಿದ್ದ ಮಾತ್ರಕ್ಕೆ ಮನೆ ಅವನೊಬ್ಬನದಾಗಲ್ಲ.

ನಮ್ಮ ಕಡೆ ಹೆಣ್ಣುಮಕ್ಕಳನ್ನು ತವರಿಗೆ ಕರೆಸಿ, ಇಳಕಲ್ ಸೀರೆ ಕೊಟ್ಟು, ಊಟ ಹಾಕಿ, ಹಕ್ಕು ಬಿಟ್ಟ ಪತ್ರಕ್ಕೆ ಸಹಿ ತಗೊಂಡುಬಿಡುತ್ತಾರೆ. ಬಿಡುವವರು ಖುಷಿಯಿಂದ ಬಿಡಲಿ, ಬೇಡ ಅನ್ನಲ್ಲ. ಆದರೆ ಪಾಲಿನ ಬೆಲೆ ಎಷ್ಟು ಅಂತ ಮೊದಲು ಹೇಳಬೇಕು, ಅಲ್ವಾ? ಸಣ್ಣ ತಂಗಿ ಅಂದದ್ದೂ ಅದೇ: "ಕೇಳಿ ಸಹಿ ಮಾಡಸ್ಕೋ ಅಣ್ಣಾ, ತಿಳಿಸದ ಮಾಡಸ್ಬ್ಯಾಡ."

ಮಹಡಿಯ ವಿಷಯ ಸುಲಭ. ಎಂಜಿನಿಯರ್ ಒಬ್ಬರಿಂದ ಅದರ ಈಗಿನ ಬೆಲೆ ಕಟ್ಟಿಸಿ, ಅಷ್ಟನ್ನು ತಮ್ಮನಿಗೆ ಬಿಟ್ಟೆವು. ಜಾಗ ಮತ್ತು ಕೆಳಗಿನ ಮನೆ ಮಾತ್ರ ಐದು ಪಾಲು. ಕಷ್ಟ ಆಗಿದ್ದು ಅದರ ದರ. ಕೊಳ್ಳುವವನು ಕಮ್ಮಿ ಹೇಳುತ್ತಾನೆ, ಬಿಡುವವರು ಜಾಸ್ತಿ ಕೇಳುತ್ತಾರೆ. ಸರ್ಕಾರಿ ಮಾರ್ಗಸೂಚಿ ದರ ನೋಡಿದೆವು, ಆದರೆ ಪೇಟೆಯಲ್ಲಿ ನಡೆಯುವ ದರ ಬೇರೆಯೇ. ಆಗ ನಾನು ಒಂದು ಷರತ್ತು ಹಾಕಿದೆ. ಒಂದು ಪಾಲಿಗೆ ಎಷ್ಟು ಅಂತ ತಮ್ಮನೇ ಹೇಳಲಿ. ಆ ದರಕ್ಕೆ ನಾವು ಅವನಿಗೆ ಬಿಡಬಹುದು, ಇಲ್ಲವೇ ಅದೇ ದರಕ್ಕೆ ಅವನ ಪಾಲು ನಾವೇ ತಗೊಳ್ಳಬಹುದು. ಅವನು ಮೊದಲು ಹೇಳಿದ ಅಂಕಿಗೆ ಸಣ್ಣ ತಂಗಿಯ ಗಂಡ "ಹಂಗಾದ್ರ ನಾವ ತಗೋತೀವಿ" ಅಂದುಬಿಟ್ಟರು. ಅಂಕಿ ತಾನೇ ಮೇಲೇರಿತು. ಆದರೆ ಕೊಳ್ಳುವ ಶಕ್ತಿ ಇನ್ನೊಬ್ಬರಿಗೂ ಇದ್ದರೆ ಮಾತ್ರ ಈ ಉಪಾಯ. ಇಲ್ಲದಿದ್ದರೆ ದುಡ್ಡಿದ್ದವನ ಮಾತೇ ನಡೆಯುತ್ತದೆ.

ಇಷ್ಟಾದ ಮೇಲೆ ಮರಣ ಪ್ರಮಾಣಪತ್ರ, ವಂಶಾವಳಿ ಕೊಟ್ಟು ಉತಾರದಲ್ಲಿ ಎಲ್ಲರ ಹೆಸರು ಏರಿಸಿದೆವು. ನಂತರ ನಾನು ಮತ್ತು ತಂಗಿಯರು ತಮ್ಮನ ಹೆಸರಿಗೆ ಹಕ್ಕು ಬಿಡುಗಡೆ ಪತ್ರವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದೆವು. ಬಾಂಡ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸಿದರೆ ಸಾಲದು. ರೊಕ್ಕ ಬ್ಯಾಂಕಿನಿಂದಲೇ ಬಂತು, ಮೊತ್ತ ಪತ್ರದಲ್ಲೇ ಬರೆಸಿದೆವು.

ಮಾತು ಮುರಿದಿದ್ದರೆ ಪಾಲು ದಾವೆಯೇ ಗತಿ. ಇಂಥ ಮನೆಗೆ ಗೋಡೆ ಹಾಕಿ ಐದು ತುಂಡು ಮಾಡಲಾಗಲ್ಲ. ಹಾಗಿದ್ದಾಗ 1893ರ ಪಾಲು ಕಾಯ್ದೆಯ ಪ್ರಕಾರ ಮನೆ ಮಾರಿ ಹಣ ಹಂಚಿ ಅಂತ ಕೋರ್ಟ್ ಹೇಳಬಹುದು. ದಾವೆ ಹೂಡಿದವರೂ ಲೋಕ ಅದಾಲತ್‌ನಲ್ಲಿ ರಾಜಿ ಆಗಬಹುದು, ಅದರ ಮೇಲೆ ಅಪೀಲು ಇಲ್ಲ.

ಅವ್ವನ ಪಾಲು ಮಾತ್ರ ಯಾರ ಹೆಸರಿಗೂ ಬಿಡಿಸಲಿಲ್ಲ. ಅದನ್ನೂ ಈಗಲೇ ಮುಗಿಸಿಬಿಡೋಣ ಅಂದ ತಮ್ಮ. ನಾನು ಒಪ್ಪಲಿಲ್ಲ. ಅವಳಿರುವ ತನಕ ಆ ಮನೆಯಲ್ಲಿ ಅವಳ ಹೆಸರಿರಲಿ. ಆಮೇಲೆ ಯಾರಿಗೆ ಅಂತ ಉಯಿಲು ಬರೆಯೋದು, ಬಿಡೋದು ಅವಳ ಇಷ್ಟ. ಬರೆಯದಿದ್ದರೆ ಅದು ಮತ್ತೆ ನಾಲ್ಕು ಮಕ್ಕಳಿಗೆ ಸಮನಾಗಿ ಬರುತ್ತದೆ.