ಹಿತ್ತಲ ಈಜುಕೊಳ: ಮುಚ್ಚುವ ಮುಂಚೆ ಪರೀಕ್ಷೆ, ಪರೀಕ್ಷೆ ಆದಮೇಲೆ ದುಡ್ಡು

ಈಜುಕೊಳದಲ್ಲಿ ಕಣ್ಣಿಗೆ ಕಾಣುವುದು ಟೈಲ್ಸ್ ಮತ್ತು ನೀರು. ಕೈಕೊಡುವುದು ಟೈಲ್ಸ್ ಹಿಂದಿನ ಕಾಂಕ್ರೀಟ್, ನೆಲದಡಿಯ ಪೈಪು. ಆದ್ದರಿಂದ ಕಂಟ್ರಾಕ್ಟರ್ ಜೊತೆ ಒಪ್ಪಂದ ಬರೆಯುವಾಗ ಕಂತುಗಳನ್ನು ತಾರೀಖಿನ ಪ್ರಕಾರ ಇಡದೆ ಪರೀಕ್ಷೆಯ ಪ್ರಕಾರ ಇಟ್ಟೆ. ಕಬ್ಬಿಣ ಅಳೆದು ನೋಡಿದಮೇಲೆ ಒಂದು, ಪೈಪಿನ ಪ್ರೆಶರ್ ಟೆಸ್ಟ್ ಪಾಸಾದಮೇಲೆ ಒಂದು, ಬರೀ ಕಾಂಕ್ರೀಟ್ ತೊಟ್ಟಿಯಲ್ಲಿ ನೀರು ನಿಲ್ಲಿಸಿ ನೋಡಿದಮೇಲೆ ದೊಡ್ಡ ಕಂತು. ಶೇ. 10ರಷ್ಟು ಕೊನೆಯವರೆಗೂ ಕೈಯಲ್ಲೇ ಉಳಿಯಬೇಕು.

ಕೊಳದ ಅಳತೆ 8 ಮೀಟರ್ ಉದ್ದ, 4 ಮೀಟರ್ ಅಗಲ, ಆಳ 1.2ರಿಂದ 1.5 ಮೀಟರ್. ಸುಮಾರು 43,000 ಲೀಟರ್ ನೀರು. ಗುಂಡಿ ಮಾತ್ರ ಇದಕ್ಕಿಂತ ತುಂಬಾ ದೊಡ್ಡದು: 200 ಮಿ.ಮೀ. ಗೋಡೆ, ಸೆಂಟ್ರಿಂಗ್‌ನವರು (ಕಾಂಕ್ರೀಟಿಗೆ ಹಲಗೆಯ ಅಚ್ಚು ಕಟ್ಟುವವರು) ಓಡಾಡಲು ಸುತ್ತ 600 ಮಿ.ಮೀ. ಜಾಗ ಸೇರಿದರೆ 9.6 × 5.6 ಮೀಟರ್ ಆಗುತ್ತದೆ. ಅಗೆದ ಮಣ್ಣು ಸಡಿಲವಾಗಿ ಕಾಲು ಭಾಗದಷ್ಟು ಉಬ್ಬುತ್ತದೆ. ಅದನ್ನು ಸಾಗಿಸುವವರು ಯಾರು, ಗುಂಡಿಯಲ್ಲಿ ನಿಂತ ಮಳೆನೀರು ಎತ್ತುವವರು ಯಾರು ಎಂಬುದು ಒಪ್ಪಂದದಲ್ಲಿ ಇರಲೇಬೇಕು. ಮೊದಲ ‘ಎಕ್ಸ್‌ಟ್ರಾ’ ಬಿಲ್ ಹುಟ್ಟುವುದೇ ಇಲ್ಲಿ.

100 ಮಿ.ಮೀ. ಪಿಸಿಸಿ (ಕಂಬಿಯಿಲ್ಲದ ಕಾಂಕ್ರೀಟ್ ಹಾಸು) ಮೇಲೆ 200 ಮಿ.ಮೀ. ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್), ಎಂ30 ದರ್ಜೆಯ ಕಾಂಕ್ರೀಟ್, 10 ಮಿ.ಮೀ. ಕಂಬಿ 150 ಮಿ.ಮೀ.ಗೊಂದರಂತೆ ಎರಡೂ ದಿಕ್ಕಿಗೆ, ಎರಡು ಜಾಲರಿ. ಇದು ನಮ್ಮ ಮಣ್ಣು ನೋಡಿ ಎಂಜಿನಿಯರ್ ಕೊಟ್ಟ ಲೆಕ್ಕ. ಉಬ್ಬಿ ಕುಗ್ಗುವ ಎರೆಮಣ್ಣಿಗೆ ಇದನ್ನೇ ನಕಲು ಮಾಡಬೇಡಿ. ಕಂಬಿಯ ಕೆಳಗೆ ಅದನ್ನು ಎತ್ತಿ ಹಿಡಿಯುವ ಸಿಮೆಂಟಿನ ಕವರ್ ಬ್ಲಾಕೇ ಬೇಕು. ಇಟ್ಟಿಗೆ ಚೂರೋ ಮರದ ತುಂಡೋ ಇಟ್ಟರೆ ನೀರಿಗೆ ಅದೇ ದಾರಿ.

ನೆಲ ಮತ್ತು ಗೋಡೆ ಕೂಡುವ ಜಾಗವನ್ನು ನಾನು ಎಲ್ಲಕ್ಕಿಂತ ಹೆಚ್ಚು ಕಾಯುತ್ತೇನೆ. ಎರಡನ್ನೂ ಒಂದೇ ದಿನ ಹಾಕುವುದಿಲ್ಲವಾದ್ದರಿಂದ ಸೋರಿಕೆ ಶುರುವಾಗುವುದು ಹೆಚ್ಚಾಗಿ ಆ ಜಾಯಿಂಟಿನಲ್ಲಿ. ನೆಲದ ಜೊತೆಗೇ 150 ಮಿ.ಮೀ. ಎತ್ತರಕ್ಕೆ ಗೋಡೆಯ ಬುಡ ಎಬ್ಬಿಸಿ, ಅದರಲ್ಲಿ 230 ಮಿ.ಮೀ. ಅಗಲದ ಪಿವಿಸಿ ವಾಟರ್ ಸ್ಟಾಪ್ (ಜಾಯಿಂಟಿನಲ್ಲಿ ನೀರು ತಡೆಯುವ ಪಟ್ಟಿ) ಅರ್ಧ ಹುದುಗುವಂತೆ ನಿಲ್ಲಿಸಬೇಕು, ಉಳಿದರ್ಧ ಗೋಡೆಗೆ. ಪಟ್ಟಿಯ ಅಂಚನ್ನು ತಂತಿಯಿಂದ ಕಂಬಿಗೆ ಕಟ್ಟಬೇಕು, ನಡುವೆ ಮೊಳೆ ಹೊಡೆಯಬಾರದು. ಎರಡು ತುಂಡು ಸೇರುವಲ್ಲಿ ಬಿಸಿ ಮಾಡಿ ಬೆಸೆಯಬೇಕು, ಒಂದರ ಮೇಲೊಂದು ಇಟ್ಟು ಬಿಟ್ಟರೆ ಸಾಲದು. ಗೋಡೆ ಹಾಕುವ ಮುಂಚೆ ಬುಡದ ಮೇಲಿನ ಸಿಮೆಂಟ್ ಹಾಲಿನ ಪದರ ಕೆತ್ತಿ, ತೊಳೆದು, ಜಲ್ಲಿ ಕಾಣುವಂತೆ ಮಾಡಬೇಕು. ‘ಮೇಲೆ ವಾಟರ್‌ಪ್ರೂಫಿಂಗ್ ಬರುತ್ತಲ್ಲ ಸಾರ್, ಸೋರಲ್ಲ ಬಿಡಿ’ ಎಂಬ ಮಾತು ಬಂದೇ ಬರುತ್ತದೆ. ಒಪ್ಪಬೇಡಿ. ಕಾಂಕ್ರೀಟ್ ತಾನಾಗಿಯೇ ನೀರು ಹಿಡಿಯಬೇಕು. ಲೇಪನ ಅದರ ಮೇಲಿನ ಭದ್ರತೆ ಅಷ್ಟೇ.

ತಳದ ಡ್ರೈನ್ ಒಂದೇ ಇರಕೂಡದು. ಕನಿಷ್ಠ 1 ಮೀಟರ್ ಅಂತರದಲ್ಲಿ ಎರಡು ಇಟ್ಟು, ಒಂದೇ ಹೀರುವ ಪೈಪಿಗೆ ಸೇರಿಸಬೇಕು. ಮಗುವಿನ ಮೈಯೋ ಕೂದಲೋ ಒಂದನ್ನು ಮುಚ್ಚಿದರೂ ಪಂಪ್ ಇನ್ನೊಂದರಿಂದ ನೀರೆಳೆಯುತ್ತದೆ. ಇದರಲ್ಲಿ ಚೌಕಾಸಿ ಇಲ್ಲ. ಪೈಪುಗಳ ಅಂಟು ಪೂರ್ತಿ ಒಣಗಿದಮೇಲೆ ನೀರು ತುಂಬಿ (ಗಾಳಿ ಬೇಡ, ಪಿವಿಸಿ ಸಿಡಿಯಬಹುದು) 2 ಬಾರ್ ಒತ್ತಡದಲ್ಲಿ 24 ಗಂಟೆ ಬಿಡಿ. ಕಾಂಕ್ರೀಟ್ ಹಾಕುವಾಗಲೂ ಒತ್ತಡ ತೋರಿಸುವ ಮೀಟರ್ ಬಿಚ್ಚಬೇಡಿ. ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರ್ ತಗುಲಿಯೋ ಕಾಲು ಬಿದ್ದೋ ಪೈಪಿನ ಜಾಯಿಂಟ್ ಬಿಟ್ಟರೆ ಮೀಟರಿನ ಮುಳ್ಳು ಆಗಲೇ ಇಳಿಯುತ್ತದೆ, ಕಾಂಕ್ರೀಟ್ ಹಸಿ ಇರುವಾಗಲೇ ಸರಿಮಾಡಬಹುದು. ಮುಚ್ಚುವ ಮುಂಚೆ ಪ್ರತಿ ಪೈಪಿನ ಪಕ್ಕ ಟೇಪ್ ಹಿಡಿದು ಫೋಟೋ ತೆಗೆದಿಡಿ.

ಇಡೀ ನೀರು 6 ಗಂಟೆಗೊಮ್ಮೆ ಫಿಲ್ಟರ್ ಆಗಬೇಕೆಂದರೆ ಗಂಟೆಗೆ ಸುಮಾರು 7,200 ಲೀಟರ್ ಹರಿಯಬೇಕು. 600 ಮಿ.ಮೀ. ವ್ಯಾಸದ ಮರಳು ಫಿಲ್ಟರ್ ಸಾಕು. ‘ಅದೇ ರೇಟಿಗೆ ದೊಡ್ಡ ಪಂಪ್ ಹಾಕಿಕೊಡ್ತೀನಿ’ ಅಂದರೆ ಬೇಡವೆನ್ನಿ. ರಭಸ ಹೆಚ್ಚಾದರೆ ಮರಳು ಕೊಳೆ ಹಿಡಿಯದೆ ಬಿಟ್ಟುಬಿಡುತ್ತದೆ. ಲೈಟು 12 ವೋಲ್ಟಿನದು, ಕರೆಂಟ್ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿತಗೊಳಿಸುವ ಸ್ವಿಚ್).

ಕ್ಯೂರಿಂಗ್ (ಕಾಂಕ್ರೀಟಿಗೆ ನೀರುಣಿಸಿ ಗಟ್ಟಿಯಾಗಿಸುವುದು) ಮುಗಿದಮೇಲೆ, ಲೇಪನ, ಟೈಲ್ಸ್ ಮತ್ತು ಹೊರಗಿನ ಮಣ್ಣು ತುಂಬುವುದಕ್ಕೆ ಮುಂಚೆ ನೀರು ನಿಲ್ಲಿಸಿ. ಕಾಂಕ್ರೀಟ್ ಮೊದಲು ಒಂದಷ್ಟು ಹೀರಿಕೊಳ್ಳುತ್ತದೆ, ಅದಕ್ಕೆ ಕೆಲವು ದಿನ ಬಿಡಬೇಕು. ಆಮೇಲೆ ಮೆಟ್ಟಿಲ ಮೇಲೆ ನೀರು ತುಂಬಿದ ಬಕೆಟ್ ಇಟ್ಟು, ಒಳಗೂ ಹೊರಗೂ ಗುರುತು ಹಾಕಿ. 24 ಗಂಟೆಯಲ್ಲಿ ಎರಡೂ ಸಮ ಇಳಿದಿದ್ದರೆ ಅದು ಆವಿ. ಕೊಳ ಹೆಚ್ಚು ಇಳಿದಿದ್ದರೆ ಸೋರಿಕೆ. ಹೊರಗೋಡೆಯ ಒದ್ದೆ ಕಲೆಗಳಿಗೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿ ಕಂಟ್ರಾಕ್ಟರ್‌ಗೆ ತೋರಿಸಿ. ಈ ಹಂತದಲ್ಲಿ ರಿಪೇರಿ ಅವರ ಖರ್ಚು. ಟೈಲ್ಸ್ ಬಂದಮೇಲೆ ಅದು ವಾದ.

ಉಳಿಸಿಕೊಂಡ ಶೇ. 10ನ್ನು ಒಂದು ಮಳೆಗಾಲ ಕಳೆದಮೇಲೆ ಕೊಟ್ಟೆ. ಅಂತರ್ಜಲ ಮೇಲೆ ಬಂದಾಗ ಖಾಲಿ ಕೊಳ ಕೆಳಗಿನ ಒತ್ತಡಕ್ಕೆ ಮೇಲೇಳಬಹುದು. ತಳದ ಡ್ರೈನಿನಲ್ಲಿ ಹೈಡ್ರೋಸ್ಟ್ಯಾಟಿಕ್ ವಾಲ್ವ್ (ಕೆಳಗಿನ ನೀರನ್ನು ಕೊಳದೊಳಗೆ ಬಿಟ್ಟು ಒತ್ತಡ ಇಳಿಸುವ ವಾಲ್ವ್), ಅದರಡಿ ಜಲ್ಲಿ ಹಾಸು ಇದ್ದರೂ ಮಳೆಗಾಲದಲ್ಲಿ ಕೊಳ ಖಾಲಿ ಮಾಡಿಸುವುದು ಬೇಡ.